ನಾಲ್ಕು ಬ್ಯಾರೆಲ್ ಡೀಸೆಲ್ ಕದ್ದವರು ಯಾರು?

ಮೇಟಗಳ್ಳಿಯ ಒಬ್ಬ ಹುಡುಗ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಬನ್ನಿಮಂಟಪದ ಹತ್ತಿರ ಒಂದು ಶೆಡ್ಡಿನಲ್ಲಿ ನಾಲ್ಕು ವರ್ಷ ಕಲ್ಯಾಣಮಂಟಪಗಳ ಜನರೇಟರ್ ರಿಪೇರಿ ಮಾಡಿಕೊಂಡಿದ್ದ. ಆಮೇಲೆ ಯಾರೋ ಹೇಳಿದರೆಂದು ಗೋವಾಕ್ಕೆ ಹೋಗಿ, ಪ್ರವಾಸಿಗರನ್ನು ಕೂರಿಸಿಕೊಂಡು ಸಮುದ್ರ ಸುತ್ತಿಸುವ ಒಂದು ಮೋಟಾರ್ ಯಾಟಿನ ಎಂಜಿನ್ ರೂಮಿಗೆ ಸೇರಿಕೊಂಡ. ಯಾಟ್ ಎಂದರೆ ಹಣವಂತರ ವಿಹಾರ ನೌಕೆ. ಮೇಲೆ ಸೋಫಾ, ಏಸಿ, ಸಂಗೀತ. ಕೆಳಗೆ ಡೀಸೆಲ್ ಎಂಜಿನ್, ಅದರ ಪಕ್ಕದಲ್ಲಿ ನಮ್ಮ ಹುಡುಗ. ಒಂದು ರಾತ್ರಿ ಫೋನ್ ಮಾಡಿದ.

"ಅಣ್ಣ, ನನ್ನ ಕಳ್ಳ ಅಂತಾವ್ರೆ."

ವಿಷಯ ಇಷ್ಟು. ಹಿಂದಿನ ವರ್ಷ ಅದೇ ತಿಂಗಳು ಆ ಯಾಟ್ 100 ಗಂಟೆ ಓಡಿ 2600 ಲೀಟರ್ ಡೀಸೆಲ್ ಕುಡಿದಿತ್ತು. ಈ ಸಲವೂ 100 ಗಂಟೆಯೇ ಓಡಿದೆ. ಆದರೆ ಕುಡಿದದ್ದು 3400 ಲೀಟರ್. ಹೆಚ್ಚಾದದ್ದು 800 ಲೀಟರ್, ಅಂದರೆ ಭರ್ತಿ ನಾಲ್ಕು ಬ್ಯಾರೆಲ್. ಎಂಜಿನ್ ಅದೇ, ಗಂಟೆ ಅಷ್ಟೇ, ಹಾಗಾದರೆ ಡೀಸೆಲ್ ಎಲ್ಲಿಗೆ ಹೋಯಿತು ಎಂದು ಮಾಲೀಕ ಕೇಳಿದ್ದಾನೆ. ಎಂಜಿನ್ ರೂಮಿನಲ್ಲಿ ಇದ್ದವನು ಇವನೊಬ್ಬ. ಅದೂ ಹೊರಗಿನಿಂದ ಬಂದ ಕನ್ನಡದವನು. ಉತ್ತರ ಸಿದ್ಧವಾಗಿಬಿಟ್ಟಿತು.

ತಮಾಷೆ ಎಂದರೆ ಹುಡುಗನಿಗೆ ನಿಜವಾದ ಉತ್ತರ ಗೊತ್ತಿತ್ತು. "ಎಂಜಿನ್ ಏದುಸಿರು ಬಿಡ್ತಾ ಅದೆ ಅಣ್ಣ. ಹೊಗೆ ಕಪ್ಪಗೆ ಬರ್ತಾ ಅದೆ. ತಳದಲ್ಲಿ ಏನೋ ಹಿಡ್ಕೊಂಡದೆ" ಎಂದ. ನಾಲ್ಕು ವರ್ಷ ಜನರೇಟರ್ ಶಬ್ದ ಕೇಳಿದ ಕಿವಿ ಅದು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಅಂಕಿಯಲ್ಲಿ, ಮಾಲೀಕನ ಮುಂದೆ ಇಂಗ್ಲಿಷಿನಲ್ಲಿ ಹೇಳು ಎಂದರೆ ನಾಲಿಗೆ ಕಟ್ಟಿಹೋಗಿದೆ. ಮೂರು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿ, ಇಂಗ್ಲಿಷಿನಲ್ಲೇ ಪಾಸಾದವನು. ಪಾಸಾದ ಮೇಲೆ ಅದು ತಲೆಯಲ್ಲಿ ಉಳಿಯಲಿಲ್ಲ, ಏಕೆಂದರೆ ಯಾವತ್ತೂ ಒಳಗೆ ಹೋಗಿರಲೇ ಇಲ್ಲ.

ಮೈಸೂರಿನಲ್ಲಿ ಕೂತು ಯಾಟಿನ ಪುರಾಣ ಯಾಕಪ್ಪ ಎಂದು ನೀವು ಕೇಳಬಹುದು. ನಮ್ಮಲ್ಲಿ ಸಮುದ್ರವಿಲ್ಲ ನಿಜ, ಇರುವುದು ಕಾರಂಜಿ ಕೆರೆಯ ಪೆಡಲ್ ದೋಣಿ. ಆದರೆ ಡೀಸೆಲ್ ಎಂಜಿನ್ನಿಗೂ ಮೈಸೂರಿಗೂ ಸಂಬಂಧವಿಲ್ಲ ಎನ್ನಬೇಡಿ. ಕೆ.ಆರ್.ಎಸ್. ರಸ್ತೆಯ ಬೆಮೆಲ್ ಕಾರ್ಖಾನೆಗೆ ಎಂಜಿನ್ ತಯಾರಿಸುವ ವಿಭಾಗವೇ ಇದೆ. ವರ್ಷವರ್ಷವೂ ನಮ್ಮೂರಿನ ಮೆಕ್ಯಾನಿಕಲ್ ಹುಡುಗರು ಗೋವಾಕ್ಕೆ, ಮಂಗಳೂರಿಗೆ, ದುಬೈಗೆ ಹೋಗುತ್ತಲೇ ಇದ್ದಾರೆ. ಹೋದಲ್ಲಿ ಕಳ್ಳರಾಗದೆ ಬರಬೇಕಾದರೆ ಈ ಲೆಕ್ಕ ಗೊತ್ತಿರಬೇಕು.

ಮೊದಲು ನಮ್ಮ ಕೆ.ಎಸ್.ಆರ್.ಟಿ.ಸಿ. ಡ್ರೈವರುಗಳನ್ನು ನೆನೆಸಿಕೊಳ್ಳಿ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಕೆ.ಎಂ.ಪಿ.ಎಲ್. ಲೆಕ್ಕ ಅವರ ಬಾಯಲ್ಲಿ ದೇವರ ನಾಮದ ಹಾಗೆ ಬರುತ್ತದೆ. ಚಾಮುಂಡಿ ಬೆಟ್ಟ ಹತ್ತುವ ಬಸ್ಸಿನ ಲೆಕ್ಕವನ್ನು ನಂಜನಗೂಡಿಗೆ ಹೋಗುವ ಬಸ್ಸಿನ ಪಕ್ಕ ಇಟ್ಟು, ನೀನು ಡೀಸೆಲ್ ಮಾರಿಕೊಂಡೆ ಎಂದು ಬೆಟ್ಟದ ಡ್ರೈವರನಿಗೆ ಯಾರಾದರೂ ಹೇಳಿದರೆ ಡಿಪೋದವರೆಲ್ಲ ನಗುತ್ತಾರೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎನ್ನುವುದು ಆರ್.ಪಿ.ಎಂ. ತಿರುಗಲು ಎಷ್ಟು ತಿಣುಕುತ್ತಿದೆ ಎನ್ನುವುದು ಲೋಡು. ಅದೇ ಆರ್.ಪಿ.ಎಂ.ನಲ್ಲಿ ಸಮತಟ್ಟು ರಸ್ತೆಯಲ್ಲಿ ಹೋಗುವ ಎಂಜಿನ್ ಸಿಳ್ಳೆ ಹಾಕಿಕೊಂಡಿರುತ್ತದೆ, ಬೆಟ್ಟದಲ್ಲಿ ಬೆವರುತ್ತದೆ. ಡೀಸೆಲ್ ಖರ್ಚಾಗುವುದು ಬೆವರಿಗೆ, ಗಡಿಯಾರಕ್ಕಲ್ಲ. ಆ ಮಾಲೀಕ ನೋಡಿದ್ದು ಗಡಿಯಾರವನ್ನು ಮಾತ್ರ.

ಈಗ ನೀರಿಗೆ ಇಳಿಯೋಣ. ಬಸ್ಸಿಗೆ ಐದಾರು ಗೇರುಗಳಿವೆ. ಯಾಟಿಗೆ ಮುಂದಕ್ಕೊಂದು, ಹಿಂದಕ್ಕೊಂದು, ಅಷ್ಟೇ. ಇಳಿಜಾರಿನಲ್ಲಿ ಸುಮ್ಮನೆ ಬಿಟ್ಟುಕೊಂಡು ಬರುವ ಸುಖವೂ ಇಲ್ಲ. ಎಂಜಿನ್ ತಿರುಗಿಸುವುದು ಪ್ರೊಪೆಲ್ಲರನ್ನು, ಮಲ್ಪೆಯ ಬೋಟಿನವರ ಬಾಯಲ್ಲಿ ಫ್ಯಾನು. ಈ ಫ್ಯಾನಿನ ಸ್ವಭಾವ ವಿಚಿತ್ರ. ಅದನ್ನು ಎರಡು ಪಟ್ಟು ವೇಗವಾಗಿ ತಿರುಗಿಸಲು ಎರಡು ಪಟ್ಟು ಶಕ್ತಿ ಸಾಲದು, ಹೆಚ್ಚುಕಮ್ಮಿ ಎಂಟು ಪಟ್ಟು ಬೇಕು. ಎರಡು ಗುಣಿಸು ಎರಡು ಗುಣಿಸು ಎರಡು. ಹೈಸ್ಕೂಲಿನಲ್ಲಿ ಘನ ಎಂದು ಓದಿದ್ದೇವಲ್ಲ, ಅದೇ.

ಇದನ್ನು ತಿರುಗಿಸಿ ನೋಡಿ. ಆರ್.ಪಿ.ಎಂ. ಅನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಎಂಬತ್ತಕ್ಕೆ ಇಳಿಯುವುದಿಲ್ಲ, ಐವತ್ತೊಂದಕ್ಕೆ ಇಳಿಯುತ್ತದೆ. ಎಪ್ಪತ್ತಕ್ಕೆ ಇಳಿಸಿದರೆ ಮೂವತ್ತನಾಲ್ಕಕ್ಕೆ. ನೀರಿನ ಮೇಲೆ ಹಾರಿಕೊಂಡು ಹೋಗುವ ಸ್ಪೀಡ್ ಬೋಟುಗಳಿಗೆ ಈ ಲೆಕ್ಕ ಹೀಗೇ ಕೂರುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗಳಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಹುಡುಗನದು ಎರಡನೆಯ ಜಾತಿ.

ಶಕ್ತಿಯಿಂದ ಲೀಟರಿಗೆ ಬರುವ ದಾರಿಯನ್ನು ಜನರೇಟರ್ ಶೆಡ್ಡಿನವರಿಗೆ ಹೇಳಬೇಕಾಗಿಲ್ಲ. ಒಂದು ಕಿಲೋವಾಟ್ ಶಕ್ತಿ ಒಂದು ಗಂಟೆ ಕೊಡಲು ಒಳ್ಳೆಯ ಡೀಸೆಲ್ ಎಂಜಿನ್ ಸುಮಾರು 210 ಗ್ರಾಂ ಡೀಸೆಲ್ ಸುಡುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಭಾಗಿಸಿ. ಕಾಲು ಲೀಟರ್ ಬರುತ್ತದೆ. ಅಂದರೆ ಒಂದು ಲೀಟರಿಗೆ ನಾಲ್ಕು ಕಿಲೋವಾಟ್ ಗಂಟೆ, ಎಚ್.ಪಿ. ಲೆಕ್ಕದಲ್ಲಿ ಸುಮಾರು ಐದೂವರೆ. ಇದೊಂದನ್ನು ಅಂಗೈ ಮೇಲೆ ಬರೆದುಕೊಂಡರೆ ಅರ್ಧ ಎಂಜಿನಿಯರ್ ಆದಂತೆ.

ಹುಡುಗನ ಎಂಜಿನ್ 200 ಕಿಲೋವಾಟಿನದು, ಸುಮಾರು 270 ಎಚ್.ಪಿ. ಪೂರ್ತಿ ಆರ್.ಪಿ.ಎಂ. 2400. ಪೂರ್ತಿ ರೇಸ್ ಕೊಟ್ಟರೆ ಗಂಟೆಗೆ 50 ಲೀಟರ್, ವೇಗ ಒಂಬತ್ತೂವರೆ ನಾಟ್. ಸಮುದ್ರದ ಮೈಲಿ 1852 ಮೀಟರ್, ಗಂಟೆಗೆ ಅಂಥ ಒಂದು ಮೈಲಿ ಹೋದರೆ ಒಂದು ನಾಟ್. ಅದೇ ಎಂಜಿನನ್ನು 1920ಕ್ಕೆ ಇಳಿಸಿ, ಅಂದರೆ ನೂರಕ್ಕೆ ಎಂಬತ್ತಕ್ಕೆ. ಗಂಟೆಗೆ 26 ಲೀಟರ್ ಸಾಕು. ವೇಗ 8.2 ನಾಟ್. ಮೂವತ್ತು ಮೈಲಿ ಪ್ರಯಾಣಕ್ಕೆ ಪೂರ್ತಿ ರೇಸಿನಲ್ಲಿ 158 ಲೀಟರ್ ಬೇಕು, ಸ್ವಲ್ಪ ತಾಳ್ಮೆಯಿಂದ ಹೋದರೆ 95 ಲೀಟರ್. ಉಳಿದದ್ದು 63 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ, 5670 ರೂಪಾಯಿ. ತಡವಾದದ್ದು ಅರ್ಧ ಗಂಟೆ. ಯಾಟಿನಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುವವನಿಗೆ ಅರ್ಧ ಗಂಟೆಯ ಅವಸರ ಏನಿರುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಂಥ ದೋಣಿಗೆ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 16 ಮೀಟರ್ ಇದ್ದರೆ ಒಂಬತ್ತು, ಒಂಬತ್ತೂವರೆ ನಾಟ್ ದಾಟುವಾಗ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಅಲ್ಲೊಂದು ಚಾಮುಂಡಿ ಬೆಟ್ಟ ಹುಟ್ಟಿಕೊಳ್ಳುತ್ತದೆ ಎನ್ನಿ. ಆಮೇಲೆ ಎಷ್ಟು ಡೀಸೆಲ್ ಸುರಿದರೂ ವೇಗ ಬರುವುದಿಲ್ಲ, ಹೊಗೆ ಬರುತ್ತದೆ.

ಇನ್ನು ಮೋಸ ಹೋಗುವ ಜಾಗಕ್ಕೆ ಬರೋಣ. ಈಗಿನ ಎಂಜಿನ್ನುಗಳ ಮುಂದೆ ಟೀವಿ ಥರದ ಪರದೆ ಇರುತ್ತದೆ. ಲೋಡು ನೂರಕ್ಕೆ ಇಷ್ಟು ಎಂದು ಅಂಕಿ ತೋರಿಸುತ್ತದೆ. ಅದನ್ನು ನೋಡಿ, ಓಹೋ ಎಂಜಿನ್ನಿನ ಒಟ್ಟು ಶಕ್ತಿಯಲ್ಲಿ ಇಷ್ಟು ಭಾಗ ಎಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ! ಆ ಆರ್.ಪಿ.ಎಂ.ನಲ್ಲಿ ಎಂಜಿನ್ ಎಷ್ಟು ಕೊಡಬಲ್ಲದೋ ಅದರಲ್ಲಿ ಇಷ್ಟು ಭಾಗ ಎಂದು ಅದರ ಅರ್ಥ. ಹುಡುಗನ ಎಂಜಿನ್ 1920ರಲ್ಲಿ 180 ಕಿಲೋವಾಟ್ ಕೊಡಬಲ್ಲದು. ಪರದೆ 75 ಎಂದರೆ ಅದು 135 ಕಿಲೋವಾಟ್. ಅದೇ ಎಂಜಿನ್ 1200ರಲ್ಲಿ 100 ಕಿಲೋವಾಟ್ ಮಾತ್ರ ಕೊಡಬಲ್ಲದು. ಅಲ್ಲಿಯೂ ಪರದೆ 75 ಎಂದರೆ ಅದು 75 ಕಿಲೋವಾಟ್. ಅಂಕಿ ಒಂದೇ, ಡೀಸೆಲ್ ಬೇರೆ ಬೇರೆ. ಎಂಜಿನ್ನಿನ ಜೊತೆ ಬರುವ ದಪ್ಪ ಪುಸ್ತಕದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಓದುವವರಾರು?

ಗಂಟೆಗೆ ಇಷ್ಟು ಲೀಟರ್ ಎಂದು ಪರದೆ ತೋರಿಸುವುದೂ ಅಳತೆಯಲ್ಲ, ಅಂದಾಜು. ನಾಜಲಿಗೆ ಇಷ್ಟು ಹೊತ್ತು ಡೀಸೆಲ್ ಬಿಟ್ಟೆ ಎಂದು ಕಂಪ್ಯೂಟರ್ ತಾನೇ ಗುಣಿಸಿ ಹೇಳುವ ಮಾತು. ಸಾಮಾನ್ಯವಾಗಿ ಹತ್ತಿರ ಇರುತ್ತದೆ, ಆದರೆ ಕಳ್ಳತನದ ಆರೋಪಕ್ಕೆ ಅದೊಂದೇ ಸಾಲದು. ಮೀಟರ್ ಹಾಕಿ ಅಳೆಯುತ್ತೇನೆ ಎಂದು ಹೊರಟರೆ ಅಲ್ಲಿಯೂ ಒಂದು ಗುಂಡಿ ಇದೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋದ ಡೀಸೆಲ್ ಎಲ್ಲವೂ ಸುಡುವುದಿಲ್ಲ, ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸು ಟ್ಯಾಂಕಿಗೆ ಬರುತ್ತದೆ. ಹೋಗುವ ಪೈಪಿಗೆ ಮಾತ್ರ ಮೀಟರ್ ಹಾಕಿದವನು ತನ್ನ ಎಂಜಿನ್ ರಾಕ್ಷಸ ಎಂದುಕೊಳ್ಳುತ್ತಾನೆ. ಎರಡಕ್ಕೂ ಹಾಕಿ ಕಳೆಯಬೇಕು. ಏಸಿ, ದೀಪಕ್ಕೆಂದು ಓಡುವ ಸಣ್ಣ ಜನರೇಟರ್ ಅದೇ ಟ್ಯಾಂಕಿನಿಂದ ಕುಡಿಯುತ್ತಿದ್ದರೆ ಅದನ್ನೂ ಕಳೆಯಬೇಕು.

ಹುಡುಗನಿಗೆ ನಾನು ಹೇಳಿದ್ದು ಹಳ್ಳಿ ಲೆಕ್ಕ. ಟ್ಯಾಂಕ್ ತುಂಬಿಸು, ಗೆರೆ ಹಾಕು. ಗಾಳಿ ಅಲೆ ಇಲ್ಲದ ಬೆಳಿಗ್ಗೆ ಒಂದೇ ಆರ್.ಪಿ.ಎಂ.ನಲ್ಲಿ ಎರಡು ಗಂಟೆ ಓಡಿಸು. ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ. ನೀರಿನ ಸೆಳೆತ ಒಂದು ಕಡೆ ತಳ್ಳಿದ್ದು ಇನ್ನೊಂದು ಕಡೆ ಎಳೆದು ಸಮವಾಗುತ್ತದೆ. ವಾಪಸು ಬಂದು ಅದೇ ಗೆರೆಗೆ ತುಂಬಿಸು, ಎಷ್ಟು ಹಿಡಿಯಿತು ಬರೆ. ಆಮೇಲೆ ಒಂದೈದು ನಿಮಿಷ ಪೂರ್ತಿ ರೇಸ್ ಕೊಡು, ಎಷ್ಟು ಆರ್.ಪಿ.ಎಂ. ಏರುತ್ತದೆ ನೋಡು. ಈ ಕೊನೆಯದೇ ದೊಡ್ಡ ಪರೀಕ್ಷೆ. ಆರೋಗ್ಯವಾದ ಎಂಜಿನ್, ಚೊಕ್ಕಟವಾದ ತಳ, ಸರಿಯಾದ ಫ್ಯಾನು ಇದ್ದರೆ ಎಂಜಿನ್ ಕಂಪನಿ ಬರೆದಿಟ್ಟ ಆರ್.ಪಿ.ಎಂ.ಗೆ ಏರಲೇಬೇಕು. ಏರದಿದ್ದರೆ ಅದನ್ನು ಏನೋ ಹಿಡಿದುಕೊಂಡಿದೆ ಎಂದು ಅರ್ಥ.

ಮೂರು ದಿನ ಬಿಟ್ಟು ಅಂಕಿ ಬಂದವು. ಪೂರ್ತಿ ರೇಸಿನಲ್ಲಿ 2400 ಬರಬೇಕಾದಲ್ಲಿ 2180ಕ್ಕೆ ನಿಂತಿದೆ. 1920ರಲ್ಲಿ ಪರದೆಯ ಲೋಡು ಹಿಂದೆ 58 ಇದ್ದದ್ದು ಈಗ 75. ಟ್ಯಾಂಕಿನ ಗೆರೆ ಲೆಕ್ಕದಲ್ಲಿ ಗಂಟೆಗೆ 34 ಲೀಟರ್. ವೇಗ 8.2ರ ಬದಲು 7.3 ನಾಟ್.

ಗುಣಿಸಿ ನೋಡಿ. 34ರಲ್ಲಿ 26 ಕಳೆದರೆ 8. ನೂರು ಗಂಟೆಗೆ 800. ನಾಲ್ಕು ಬ್ಯಾರೆಲ್!

ಕದ್ದವನು ಎಂಜಿನ್ ರೂಮಿನಲ್ಲಿ ಇರಲಿಲ್ಲ, ತಳದಲ್ಲಿ ಅಂಟಿಕೊಂಡಿದ್ದ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ನೀರಲ್ಲಿ ಕಟ್ಟಿಹಾಕಿದ್ದ ದೋಣಿಯ ತಳಕ್ಕೆ ಪಾಚಿ, ಚಿಪ್ಪು ಬೆಳೆದು ಗರಗಸದ ಹಾಗಾಗಿತ್ತು. ಸೀಸನ್ ಶುರುವಾಯಿತೆಂದು ತಳ ಕೆರೆಯದೆ ಓಡಿಸಿದ್ದರು. ಮಾಲೀಕನಿಗೆ ತಿಳಿಯದ ಇನ್ನೊಂದು ನಷ್ಟವೂ ಆಗಿತ್ತು. ಅದೇ ನೂರು ಗಂಟೆಯಲ್ಲಿ ದೋಣಿ ಹೋದ ದೂರ ಕಡಿಮೆ. ಹಿಂದೆ ಮೈಲಿಗೆ 3.2 ಲೀಟರ್ ಬೀಳುತ್ತಿದ್ದದ್ದು ಈಗ 4.7. ಗಂಟೆಯ ಲೆಕ್ಕ ಹಿಡಿದವನಿಗೆ ಖರ್ಚು ನೂರಕ್ಕೆ ಮೂವತ್ತು ಹೆಚ್ಚಿದಂತೆ ಕಂಡಿತು. ನಿಜವಾಗಿ ಮೈಲಿಗೆ ಒಂದೂವರೆ ಪಟ್ಟು ಹತ್ತಿರ ಹೋಗಿತ್ತು.

ಇದು ಗೋವಾದ ಒಬ್ಬ ಶ್ರೀಮಂತನ ಕತೆ ಎಂದು ತಳ್ಳಿಹಾಕಬೇಡಿ. ನಮ್ಮ ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ನಿಂತ ಯಾಂತ್ರಿಕ ಬೋಟುಗಳೆಲ್ಲ ಇದೇ ಡೀಸೆಲ್ ಎಂಜಿನ್ನಿನವು. ಅಲ್ಲಿ ಲೆಕ್ಕ ಇನ್ನೂ ಬಿಗಿ. ಟ್ರಾಲ್ ಬೋಟು ಬಲೆ ಎಳೆಯುವಾಗ ಮೂರು ನಾಟ್‌ನಲ್ಲಿ ತೆವಳುತ್ತಿರುತ್ತದೆ, ಆದರೆ ಎಂಜಿನ್ ಬೆಟ್ಟ ಹತ್ತುತ್ತಿರುತ್ತದೆ. ವೇಗ ನೋಡಿ ಲೋಡು ಊಹಿಸುವವನು ಅಲ್ಲಿ ಮುಳುಗಿದ. ಅನುಭವಿ ತಂಡೇಲನಿಗೆ ಇದೆಲ್ಲ ಕಾಲಡಿಯ ಹಲಗೆಯ ನಡುಕದಲ್ಲೇ ತಿಳಿಯುತ್ತದೆ. ಆದರೆ ತಂಡೇಲನ ಕಾಲು ಬ್ಯಾಂಕಿನವನಿಗೂ ಎಂಜಿನ್ ಮಾರುವವನಿಗೂ ಸಾಕ್ಷಿಯಾಗುವುದಿಲ್ಲ. ಹೆಚ್ಚು ಎಚ್.ಪಿ. ಇದ್ದರೆ ಒಳ್ಳೆಯದು ಎಂದು ಮಾರುವವನು ಹೇಳುತ್ತಾನೆ. ಅದೇ ಎಂಜಿನ್ನಿಗೆ ದಿನವಿಡೀ ದುಡಿಯುವ ಲೆಕ್ಕದಲ್ಲಿ ಒಂದು ಎಚ್.ಪಿ., ಯಾಟಿನವರ ಹಾಗೆ ಆಗೊಮ್ಮೆ ಈಗೊಮ್ಮೆ ಓಡಿಸುವ ಲೆಕ್ಕದಲ್ಲಿ ಇನ್ನೊಂದು ಎಚ್.ಪಿ. ಬರೆದು ಮಾರುತ್ತಾರೆ ಎಂಬುದನ್ನು ಅವನು ಹೇಳುವುದಿಲ್ಲ. ದೊಡ್ಡ ಅಂಕಿ ನೋಡಿ ಕೊಂಡು ದಿನವಿಡೀ ದುಡಿಸಿದರೆ ಎಂಜಿನ್ ಬೇಗ ಸಾಯುತ್ತದೆ.

ಸರ್ಕಾರಕ್ಕೆ ಡೀಸೆಲ್ ಮೇಲೆ ಪ್ರೀತಿ ಇಲ್ಲವೆಂದಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೀನುಗಾರರ ಕರರಹಿತ ಡೀಸೆಲ್ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸಿದರು. ಒಳ್ಳೆಯದೇ. ಎರಡು ಲಕ್ಷ ಕಿಲೋಲೀಟರ್ ಎಂದರೆ 20 ಕೋಟಿ ಲೀಟರ್. ಅಷ್ಟೂ ಖರ್ಚಾಗುವುದಾದರೆ, ಅದರಲ್ಲಿ ನೂರಕ್ಕೆ ಹತ್ತು ಉಳಿದರೂ 2 ಕೋಟಿ ಲೀಟರ್. ಲೀಟರ್ ಕೊಡುವವರು ಜೊತೆಗೆ ನಾಲ್ಕು ಪುಟದ ಒಂದು ಕನ್ನಡ ಪುಸ್ತಕ ಕೊಟ್ಟರೆ ಏನು ಹೋಗುತ್ತದೆ? ಆರ್.ಪಿ.ಎಂ. ಎಷ್ಟು, ಲೋಡು ಎಷ್ಟು, ಲೀಟರ್ ಎಷ್ಟು, ಮೈಲಿ ಎಷ್ಟು ಎಂದು ನಾಲ್ಕು ಕಾಲಮ್ಮಿನ ಒಂದು ಪಟ್ಟಿ, ಪೂರ್ತಿ ರೇಸಿನ ಪರೀಕ್ಷೆ ಮಾಡುವ ಬಗೆ. ಜೂನ್, ಜುಲೈ ಎರಡು ತಿಂಗಳು ಹೇಗೂ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಂಜಿನ್ ಬಿಚ್ಚಿ ಕೂತಿರುವ ಕಾಲ ಅದು. ಪಾಠ ಹೇಳಲು ಅದಕ್ಕಿಂತ ಒಳ್ಳೆಯ ರಜೆ ಬೇಕೆ?

ಇಲ್ಲಿ ನಮ್ಮವರಿಗೂ ಎರಡು ಮಾತು ಹೇಳಬೇಕು. 2024ರ ಕಾನೂನು ತಿದ್ದುಪಡಿಯಿಂದ ಅಂಗಡಿ ಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಬಂತು. ಅದಕ್ಕಾಗಿ ಬೀದಿಗಿಳಿದವರನ್ನು ನಾನು ಹೀಗಳೆಯುವವನಲ್ಲ. ಆದರೆ ಅದೇ ಅಂಗಡಿಯೊಳಗೆ ಮಾರಾಟಕ್ಕಿಟ್ಟ ಎಂಜಿನ್ನಿಗೆ ತಗಡಿನ ಒಂದು ಫಲಕ ಹೊಡೆದಿರುತ್ತಾರೆ. ಎಷ್ಟು ಕಿಲೋವಾಟ್, ಎಷ್ಟು ಆರ್.ಪಿ.ಎಂ., ಯಾವ ಬಗೆಯ ದುಡಿಮೆಗೆ ಎಂದು. ಅದರಲ್ಲಿ ಕನ್ನಡ ನೂರಕ್ಕೆ ಎಷ್ಟು? ಸೊನ್ನೆ. ಅಂಗಡಿಯ ಹೆಸರು ಓದಲಾಗದೆ ಕನ್ನಡದವನು ಕಳ್ಳನಾಗಲಿಲ್ಲ, ಆ ತಗಡನ್ನು ಓದಿ ಹೇಳಲಾಗದೆ ಆದ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಬರುವುದಿಲ್ಲ, ಶಬ್ದವಿಲ್ಲ ಎನ್ನುವ ಮಹಾಶಯರು ಮೈಸೂರಿನಲ್ಲೇ ಬೇಕಾದಷ್ಟಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ತಂದಿತು. ಶಬ್ದ ಇಲ್ಲದಿದ್ದರೆ ಶೆಡ್ಡಿನಲ್ಲಿ ಕೇಳಿ. ಲೋಡು, ನಾಜಲ್, ರೇಸ್, ಎಳೆತ, ಏದುಸಿರು. ಲೋಡು ಎನ್ನಬೇಡ, 'ಭಾರಾಂಕ' ಎನ್ನು ಎಂದು ಹುಡುಗರನ್ನು ಹೆದರಿಸುವ ಪಂಡಿತರೂ ಇಂಗ್ಲಿಷಿನ ದಲಾಲಿಗಳೂ ನನ್ನ ಕಣ್ಣಿಗೆ ಒಂದೇ. ಡೀಸೆಲ್ ಎನ್ನುವುದೇ ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅವನ ಹೆಸರು ಇವತ್ತು ಮಂಡ್ಯದ ರೈತನ ಬಾಯಲ್ಲಿ ಅಚ್ಚ ಕನ್ನಡ.

2021ರಲ್ಲಿ ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದು ಎಂದು ಅನುಮತಿ ಬಂತು. ಸೇರಲು ಮುಂದೆ ಬಂದವರು ತೀರಾ ಕಡಿಮೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕನ್ನಡದಲ್ಲಿ ಓದಿದವನಿಗೆ ಕೆಲಸ ಕೊಡುವ ಕಂಪನಿ ಯಾವುದು ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಡಿಗ್ರಿ ಯಾವ ಭಾಷೆಯದಾದರೂ ಇರಲಿ, ಈ ಲೆಕ್ಕವನ್ನು ಮೊದಲು ಕನ್ನಡದಲ್ಲಿ ತಲೆಗೆ ಹಾಕಿಕೊಳ್ಳಿ ಎನ್ನುವುದಷ್ಟೇ ನನ್ನ ಹಟ. ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಲ್ಲ. ನಮ್ಮ ಹುಡುಗ ಹಾಗೇ ಮಾಡಿದ. ಕನ್ನಡದಲ್ಲಿ ಬರೆದ ಪಟ್ಟಿಯನ್ನು ಮಾಲೀಕನ ಮೇಜಿನ ಮೇಲಿಟ್ಟು ಒಂದೊಂದೇ ಅಂಕಿ ತೋರಿಸಿದನಂತೆ. 34, 26, 100. ಅಂಕಿಗೆ ಇಂಗ್ಲಿಷ್ ಬೇಕಾಗಲಿಲ್ಲ.

ದೋಣಿಯನ್ನು ದಡಕ್ಕೆ ಎಳೆದು ತಳ ಕೆರೆದರು. ಫ್ಯಾನಿನ ಒಂದು ಎಸಳು ತುದಿಯಲ್ಲಿ ಬಗ್ಗಿದ್ದೂ ಕಂಡಿತು, ಅದನ್ನೂ ಸರಿಮಾಡಿಸಿದರು. ಈಗ ಪೂರ್ತಿ ರೇಸಿಗೆ 2400 ಏರುತ್ತಿದೆ, 1920ರಲ್ಲಿ ಮತ್ತೆ 26 ಲೀಟರಿಗೆ ಇಳಿದಿದೆ. ಮಾಲೀಕ ತಪ್ಪಾಯಿತು ಎಂದು ಹೇಳಲಿಲ್ಲ. ಲಾಗ್ ಪುಸ್ತಕ ಇನ್ನು ಮುಂದೆ ನೀನೇ ಬರಿ ಎಂದು ಹೇಳಿದನಂತೆ.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. ನದಿಯಲ್ಲಿ ಸಂಜೆ ಸುತ್ತಿಗೆಂದು ದಿನಾ ಮೂರು ಗಂಟೆ 800 ಆರ್.ಪಿ.ಎಂ.ನಲ್ಲಿ ತೆವಳಿಸುತ್ತಾರಂತೆ, ಡೀಸೆಲ್ ಕಡಿಮೆ ಹೋಗುತ್ತದೆಂದು ಮಾಲೀಕನಿಗೆ ಖುಷಿ. "ಆದ್ರೆ ನಾಜಲ್ ಕರಿ ಹಿಡೀತಾ ಅದೆ ಅಣ್ಣ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಳಿ ಹೊಗೆ" ಎಂದ. ಲೋಡೇ ಇಲ್ಲದೆ ಓಡಿಸುವುದೂ ಎಂಜಿನ್ನಿಗೆ ರೋಗವೇ, ಖಾಲಿ ಓಡುವ ಛತ್ರದ ಜನರೇಟರಿಗೆ ಆಗುತ್ತಿತ್ತಲ್ಲ, ಅದೇ. ವಾಪಸು ಬರುವಾಗ ಇಪ್ಪತ್ತು ನಿಮಿಷ 1900ಕ್ಕೆ ಏರಿಸಿ ಎಂಜಿನ್ ಚೆನ್ನಾಗಿ ಕಾಯುವಂತೆ ಓಡಿಸು, ಆಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ ಬಿಚ್ಚಿ ನೋಡು ಎಂದು ಹೇಳಿದ್ದೇನೆ. ಅದರ ಅಂಕಿ ಇನ್ನೂ ಬಂದಿಲ್ಲ.